ಕಪ್ಪು ಆಕಾಶ, ಬಿಳಿ ದೋಣಿ

ಬಂದರಿನ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಅವಳಿಗಿಂತ ಎಷ್ಟೋ ದೊಡ್ಡವರೂ ಹಾಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಕಪ್ಪು ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಚ್ಚುವುದು ಅವಳ ಕೆಲಸ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಬಣ್ಣದಲ್ಲಿ ಅದ್ದಿ, ಮೊದಲು ಒಂದು ಕಾಗದದ ಮೇಲೆ ಒರೆಸಿ, ಉಳಿದಷ್ಟನ್ನು ಮಾತ್ರ ಫೋಟೋದ ಮೇಲೆ ತೇಲಿಸುತ್ತಾಳೆ. ಕಲರ್ ಫಿಲ್ಮು ಬಂದಾಗಲೇ ಈ ವಿದ್ಯೆ ಮೂಲೆ ಸೇರಬೇಕಿತ್ತು. ಸೇರಲಿಲ್ಲ. ಮನೆಮನೆಯಲ್ಲೂ ಹಳೆಯ ಫೋಟೋ ಒಂದಾದರೂ ಇರುತ್ತದೆ, ಅದನ್ನು ಬಣ್ಣದಲ್ಲಿ ನೋಡಬೇಕೆಂಬ ಆಸೆಯೂ ಇರುತ್ತದೆ.

ಕೆಲಸದಲ್ಲಿ ಅವಳದೊಂದು ಹಠ. ಕೇಳದೆ ಬಣ್ಣ ಹಚ್ಚುವುದಿಲ್ಲ. ಯಾರದೋ ತಾತನ ಕೋಟಿಗೆ ಕಂದು ಬಳಿದು ಕೊಟ್ಟರೆ ಯಾರು ಜಗಳಕ್ಕೆ ಬರುತ್ತಾರೆ, ನೀವೇ ಹೇಳಿ. ಇವಳು ಮಾತ್ರ ಆ ಮನೆಗೆ ಹೋಗಿ ಕೂರುತ್ತಾಳೆ. "ಕೋಟು ಯಾವ ಬಣ್ಣದ್ದು? ಗುಂಡಿ ಎಲ್ಲಾ ಒಂದೇ ಥರ ಇತ್ತಾ, ಇಲ್ಲಾ ಒಂದು ಬಿದ್ದುಹೋಗಿ ಬೇರೆ ಹೊಲಿದಿದ್ರಾ?" ಒಮ್ಮೆ ಒಬ್ಬ ಹೆಂಗಸು, "ಅಮ್ಮಾ ತಾಯಿ, ಹೋಗಿ ಸತ್ತವರನ್ನೇ ಎಬ್ಬಿಸಿ ಕೇಳು" ಎಂದು ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಅದೇ ಹೆಂಗಸು ಪೆಟ್ಟಿಗೆಯೆಲ್ಲ ತಡಕಾಡಿ ಆ ಕೋಟಿನ ತೋಳನ್ನೇ ಕತ್ತರಿಸಿ ತಂದುಕೊಟ್ಟಳು. ಕೇಳಿ ಕೇಳಿ ಜೀವ ಹಿಂಡಿದರೂ ಕೊನೆಗೆ ಜನ ಅವಳಿಗೇ ಸೋಲುತ್ತಾರೆ.

ಸೋಲದವರು ಒಬ್ಬರೇ, ಅವಳ ಮಾವ. ಗಂಡನ ತಂದೆ. ಸ್ಟುಡಿಯೋ ಅವರದ್ದು. ಕೆಳಗೆ ಮಗ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ, ಮೇಲಿನ ಕೋಣೆಯಲ್ಲಿ ಸೊಸೆ ಬಣ್ಣ ಹಚ್ಚುತ್ತಾಳೆ, ಮಾವ ಇಬ್ಬರ ಕೆಲಸವನ್ನೂ ಬೈಯುತ್ತಾ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರು ಜೀವಮಾನವಿಡೀ ತೆಗೆದದ್ದು ಸಮುದ್ರವನ್ನು, ಅದೂ ಕಪ್ಪು ಬಿಳುಪಿನಲ್ಲಿ.

"ಸಮುದ್ರಕ್ಕೆ ಬಣ್ಣ ಯಾಕಮ್ಮಾ? ಬಣ್ಣ ಹಚ್ಚಿದ್ರೆ ಕಣ್ಣು ಹೋಗಿ ಬಣ್ಣದ ಮೇಲೇ ಕೂತ್ಕೊಳ್ಳುತ್ತೆ. ಅಲೆ ಎಷ್ಟು ಎತ್ತರ, ಅದರ ಬೆನ್ನು ಹೇಗೆ ಬಗ್ಗಿದೆ, ಯಾರಿಗೂ ಕಾಣಲ್ಲ."

"ಬಣ್ಣ ಇಲ್ದಿದ್ರೆ ಬೆಳಿಗ್ಗೆನೋ ಸಂಜೆನೋ ಅಂತ ಹೇಗೆ ಗೊತ್ತಾಗುತ್ತೆ ಮಾವ?"

"ಗೊತ್ತಾಗಿ ಏನಾಗ್ಬೇಕು? ನೀನೇನು ದೋಣಿ ಇಳಿಸ್ತೀಯಾ?"

ಇಂಥ ಮಾತು ಅವರಿಬ್ಬರ ನಡುವೆ ಊಟದ ಜೊತೆಗಿನ ನೀರಿನ ಹಾಗೆ, ಇಲ್ಲದಿದ್ದರೆ ಇಬ್ಬರಿಗೂ ಗಂಟಲಲ್ಲಿ ಇಳಿಯದು.

ಮಾವ ತೆಗೆದ ಫೋಟೋಗಳಲ್ಲಿ ಒಂದು ಊರಿಗೇ ಗೊತ್ತು. ಬಂದರಿನ ಚಹಾ ಅಂಗಡಿಗಳಲ್ಲೆಲ್ಲ ಅದು ತೂಗುತ್ತದೆ. ಮೇಲೆ ಮಸಿಯಂಥ ಆಕಾಶ, ಅದರಲ್ಲಿ ಬೆಳ್ಳಗಿನ ಮೋಡ. ಕೆಳಗೆ ಮನೆಯೆತ್ತರದ ಅಲೆ. ಅಲೆಯನ್ನು ಹತ್ತುತ್ತಿರುವ ಒಂದು ಬಿಳಿ ದೋಣಿ. ದೂರದಲ್ಲಿ ಮಗುಚಿಬಿದ್ದ ಇನ್ನೊಂದು ದೋಣಿ. ಬಿರುಗಾಳಿಯ ಮಾರನೆಯ ದಿನ ಮಗುಚಿದ ದೋಣಿಯ ಮೂವರನ್ನು ಬದುಕಿಸಿ ತಂದದ್ದು ಊರು ಬಿಳಿದೋಣಿಯವರು ಎಂದು ಕರೆಯುವ ಮನೆಯವರು. ಆ ಮನೆಯ ದೋಣಿಗಳೆಲ್ಲ ಬಿಳಿ, ಪಕ್ಕದಲ್ಲಿ ಉದ್ದಕ್ಕೂ ನೀಲಿ ಪಟ್ಟಿ. ಅಂದು ದೋಣಿ ನಡೆಸಿದವರು ಈಗ ಮೀನುಗಾರರ ಸಂಘದ ಅಧ್ಯಕ್ಷರು.

ಅದೇ ದಿನ ಇನ್ನೊಂದು ದೋಣಿಯೂ ಹೋಗಿತ್ತು. ಅದು ತಿರುಗಿ ಬರಲಿಲ್ಲ. ಅದು ಬಣ್ಣದಕ್ಕನ ಅಪ್ಪನ ದೋಣಿ. ಹೋದದ್ದನ್ನು ಕಂಡವರಿಲ್ಲ. ಆದರೆ ಬೆಳಿಗ್ಗೆಯೆಲ್ಲ ಅವನು "ನನ್ನ ಬಲೆ ಹೋಯ್ತಲ್ಲಾ" ಎಂದು ಗೋಳಾಡಿದ್ದನ್ನು ಕೇಳಿದವರು ಬೇಕಾದಷ್ಟು ಜನ. ಹಾಗಾಗಿ ಊರು ಲೆಕ್ಕ ಹಾಕಿತು: ಬಿಳಿದೋಣಿಯವರು ಜನಕ್ಕಾಗಿ ಹೋದರು, ಇವನು ಬಲೆಗಾಗಿ ಹೋದ. "ಎಲ್ಲರೂ ಮೀನಿಗೆ ಬಲೆ ಹಾಕ್ತಾರೆ, ಅವನು ಬಲೆಗೆ ಪ್ರಾಣ ಹಾಕಿದ" ಎಂದು ಯಾರೋ ಬಾಯಿಚಪಲದವನು ಅಂದ ಮಾತು ಊರಲ್ಲಿ ಉಳಿದುಬಿಟ್ಟಿತು. ಆಗ ಅವಳು ಫ್ರಾಕು ಹಾಕುವ ಹುಡುಗಿ.

ಮುಂದೆ ಆ ಹುಡುಗಿ ಸೊಸೆಯಾಗಿ ಬಂದದ್ದು ಆ ಫೋಟೋ ತೆಗೆದವರ ಮನೆಗೇ. ನಡುಮನೆಯ ಗೋಡೆಯ ಮೇಲೆ ಅದರ ದೊಡ್ಡ ಪ್ರಿಂಟು. ಅವಳ ಅಮ್ಮ ಹಿಂದಿನ ಓಣಿಯಲ್ಲೇ ಇದ್ದಾಳೆ, ಮಗಳನ್ನು ನೋಡಲು ಬರುತ್ತಾಳೆ. ಬಂದಾಗಲೆಲ್ಲ ಒಂದೇ ಕುರ್ಚಿಯಲ್ಲಿ, ಆ ಫೋಟೋಗೆ ಬೆನ್ನು ಮಾಡಿ ಕೂರುತ್ತಾಳೆ. ಯಾರೂ ಆ ವಿಷಯ ಎತ್ತಿದವರಲ್ಲ. ಎಲ್ಲವನ್ನೂ ಕೇಳುವ ಬಣ್ಣದಕ್ಕನೂ ಅದನ್ನು ಕೇಳಲಿಲ್ಲ.

ಸಂಘಕ್ಕೆ ಹೊಸ ಹಾಲ್ ಕಟ್ಟಿದರು. ಗೋಡೆಗೆ ಆ ಫೋಟೋವೇ ಬೇಕು, ಆದರೆ ಬಣ್ಣದಲ್ಲಿ ಬೇಕು ಎಂದು ಅಧ್ಯಕ್ಷರು ಹೇಳಿಕಳಿಸಿದರು. ಮಾವ ಮೂರು ದಿನ ಮುಖ ಊದಿಸಿಕೊಂಡರು. ಕೊನೆಗೆ ಅವರೇ ಡಾರ್ಕ್‌ರೂಮಿಗೆ ಹೋಗಿ ಮೇಜಿನಷ್ಟು ದೊಡ್ಡ ಪ್ರಿಂಟು ಮಾಡಿ ಸೊಸೆಯ ಮುಂದಿಟ್ಟರು.

"ತಗೋ. ಕೊಲ್ಲು."

ಬಣ್ಣದಕ್ಕ ಯಾವಾಗಲೂ ಮೇಲಿನಿಂದ ಕೆಳಕ್ಕೆ ಹಚ್ಚುತ್ತಾಳೆ, ಮೊದಲು ಆಕಾಶ. ಕೈಯಲ್ಲಿ ಕಡ್ಡಿ ಹಿಡಿದವಳು ಅಲ್ಲೇ ನಿಂತಳು. ಅಂದು ಆಕಾಶ ಯಾವ ಬಣ್ಣದ್ದಿತ್ತು? ಚಹಾ ಅಂಗಡಿಯಲ್ಲಿ ಕೇಳಿದಳು. ಕಪ್ಪು ಅಂದರು. ಐಸ್ ಕಾರ್ಖಾನೆಯ ಮುದುಕ ಅಂಗಡಿಯ ಗೋಡೆಯ ಫೋಟೋ ನೋಡಿಕೊಂಡೇ "ಕಪ್ಪು, ಕಾಡಿಗೆ ಇದ್ದ ಹಾಗೆ" ಅಂದ. ಅವಳಿಗೆ ಅದೇ ಅನುಮಾನ ತಂದಿತು. ನೆನಪು ಮಾಡಿಕೊಂಡು ಹೇಳಿದನೋ, ನೋಡಿಕೊಂಡು ಹೇಳಿದನೋ? ಅಮ್ಮನ ಹತ್ತಿರ ಹೋಗಿ, ಎಂದೂ ಕೇಳದ್ದನ್ನು ಮೊದಲ ಸಲ ಕೇಳಿದಳು.

ಅಮ್ಮ "ಬಟ್ಟೆ ಒಣಗಿತ್ತು" ಅಂದಳು. "ಹಿಂದಿನ ದಿನ ನೆಂದ ಹಾಸಿಗೆ, ಬಟ್ಟೆ ಎಲ್ಲಾ ಬಿಸಿಲಿಗೆ ಹಾಕಿದ್ದೆ. ಗಾಳಿ ಮಾತ್ರ ಜೋರು. ಆಕಾಶ ತೊಳೆದ ಹಾಗೆ ನೀಲಿ ಇತ್ತು. ನಿಮ್ಮಪ್ಪನ ಅಂಗಿ ಒಣಗಿ ಮಡಿಚಿಟ್ಟೆ. ಹಾಕ್ಕೊಳ್ಳೋಕೆ ಅವರು ಬರ್ಲಿಲ್ಲ."

ನೀಲಿ ಆಕಾಶ ಕಪ್ಪಾಗಿ ಬರುವುದು ಹೇಗೆ? ಇದನ್ನು ತಲೆಯಲ್ಲಿ ತಿರುವಿಕೊಂಡೇ ಆಕಾಶ ಬಿಟ್ಟು ಫೋಟೋದ ಅಂಚಿನಲ್ಲಿದ್ದ ದೀಪದ ಕಂಬಕ್ಕೆ ಬಣ್ಣ ಹಚ್ಚೋಣ ಎಂದು ಕೂತಳು. ಬಂದರಿನ ಬಾಯಲ್ಲಿರುವ ಆ ಕಂಬ ಎಲ್ಲರಿಗೂ ಗೊತ್ತು, ಕೆಂಪು ಬಿಳಿ ಪಟ್ಟೆ ಪಟ್ಟೆಯದು. ಭೂತಗನ್ನಡಿ ಹಿಡಿದು ನೋಡಿದರೆ ಫೋಟೋದಲ್ಲಿ ಪಟ್ಟೆಯೇ ಇಲ್ಲ. ಬುಡದಿಂದ ತುದಿಯವರೆಗೆ ಬರೀ ಬಿಳಿ. ಪಟ್ಟೆ ಆಮೇಲೆ ಬಳಿದದ್ದೇ? ಕಂಬಕ್ಕೆ ಬಣ್ಣ ಬಳಿಯುವವನನ್ನೇ ಹುಡುಕಿ ಹೋದಳು. "ನಮ್ಮಪ್ಪನ ಕಾಲದಿಂದ ಪಟ್ಟೆನೇ ಅಕ್ಕಾ" ಅಂದ ಅವನು.

ಅವಳು ಓಡುತ್ತಲೇ ಬಂದು ಮೆಟ್ಟಿಲ ಮೇಲಿದ್ದ ಮಾವನ ಮುಂದೆ ನಿಂತಳು.

"ಮಾವ, ಆ ದಿನ ಕ್ಯಾಮೆರಾ ಮುಂದೆ ಏನು ಹಾಕಿದ್ರಿ?"

"ಏನು ಹಾಕ್ತಾರೆ? ಏನೂ ಇಲ್ಲ. ಆಕಾಶ ಹಾಗೇ ಇತ್ತು."

"ಆಕಾಶ ನೀಲಿ ಇತ್ತು. ಅಮ್ಮ ಬಟ್ಟೆ ಒಣಗಿಸಿದ್ರು."

ಮಾವ ಬೇರೆ ಕಡೆ ನೋಡಿದರು. 'ಆಕಾಶ ಹಾಗೇ ಇತ್ತು' ಎನ್ನುವುದು ಅವರ ಜೀವನದ ಹೆಮ್ಮೆ, ಅದನ್ನು ಎಷ್ಟು ಜನರಿಗೆ ಹೇಳಿದ್ದರೋ. ಈ ಸೊಸೆ ಬಿಡುವವಳಲ್ಲ ಎನ್ನುವುದೂ ಅವರಿಗೆ ಗೊತ್ತಿತ್ತು. ಎದ್ದು ಹೋಗಿ ಹಳೆಯ ಚೀಲದಿಂದ ಒಂದು ಗಾಜಿನ ಬಿಲ್ಲೆ ತಂದರು. ಸುತ್ತ ಹಿತ್ತಾಳೆ ಕಟ್ಟು, ಒಳಗೆ ಕಡುಗೆಂಪು ಗಾಜು.

"ಫಿಲ್ಟರ್" ಎಂದರು. "ನೀಲಿನ ಕಪ್ಪು ಮಾಡುತ್ತೆ. ಬರೀ ನೀಲಿ ಆಕಾಶದಲ್ಲಿ ಏನಿದೆ ಹೇಳು? ಅಲೆಗೆ ತಕ್ಕ ರೌದ್ರ ಆಕಾಶಕ್ಕೂ ಬರಬೇಕಲ್ಲ. ಯಾರಿಗೂ ಹೇಳ್ಬೇಡ."

ಅವಳು ಆಗಲೇ ಆ ಗಾಜನ್ನು ಕಣ್ಣಿಗೆ ಹಿಡಿದು ಕಿಟಕಿಯ ಹತ್ತಿರ ಹೋಗಿದ್ದಳು. ಲೋಕವೆಲ್ಲ ಕೆಂಪು. ದೀಪದ ಕಂಬ ನೋಡಿದಳು, ಪಟ್ಟೆ ಮಾಯ. ಕೆಂಪು ಬಿಳಿಗಳಿಗೆ ಭೇದವೇ ಇಲ್ಲ. ಗಾಜು ತೆಗೆದಳು, ಪಟ್ಟೆ ಬಂತು. ಹಿಡಿದಳು, ಹೋಯಿತು. ಮಕ್ಕಳ ಹಾಗೆ ಎಷ್ಟೋ ಸಲ ಆಡಿದಳು. ಆಮೇಲೆ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಕಟ್ಟಿದ್ದ ಬಿಳಿದೋಣಿಯವರ ದೋಣಿಯನ್ನು ನೋಡಿದಳು. ಅದರ ಬಿಳಿಯೂ ಕಂಬದ ಹಾಗೇ ಕೆಂಪಾಗಿ ಹೊಳೆಯಿತು, ನೀಲಿ ಪಟ್ಟಿ ಮಾತ್ರ ಇದ್ದಿಲಿನಲ್ಲಿ ಗೆರೆ ಎಳೆದ ಹಾಗೆ ಕಪ್ಪಗೆ ಎದ್ದು ಕಂಡಿತು.

ಆಟ ಅಲ್ಲಿಗೆ ನಿಂತಿತು. ಅವಳು ಪ್ರಿಂಟಿನ ಮೇಲೆ ಬಗ್ಗಿ ದೋಣಿ ನೋಡಿದಳು. ಅಲೆ ಹತ್ತುತ್ತಿದ್ದ ದೋಣಿಯ ಇಡೀ ಪಕ್ಕ ನೀರಿನಿಂದ ಮೇಲಿತ್ತು. ಅದರಲ್ಲಿ ಪಟ್ಟಿ ಇರಲಿಲ್ಲ. ಬರೀ ಬಿಳಿ, ಆ ಕಂಬದ ಕೆಂಪು ಪಟ್ಟೆಗಳು ಬೆಳ್ಳಗಾಗಿದ್ದವಲ್ಲ, ಹಾಗೆ. ಆ ಬಂದರಿನಲ್ಲಿ ಕೆಂಪು ದೋಣಿ ಇದ್ದದ್ದು ಒಂದೇ. ಅದಕ್ಕೆ ಅಪ್ಪ ಬಣ್ಣ ಬಳಿಯುವಾಗ ಡಬ್ಬಿ ಹಿಡಿದು ನಿಂತಿದ್ದವಳು ಅವಳೇ.

"ಮಾವ, ನೀವು ಈ ದೋಣಿ ಯಾರದ್ದು ಅಂತ ಕಣ್ಣಾರೆ ನೋಡಿದ್ರಾ?"

"ಕೆಂಪು ಗಾಜಲ್ಲಿ ಏನು ಕಾಣುತ್ತೆ? ಗುಡ್ಡದ ಮೇಲಿದ್ದೆ. ಒಂದು ತೆಗೆದೆ, ನೀರು ಹಾರಿ ಗಾಜಿಗೆ ಬಿತ್ತು. ಒರೆಸಿ ನೋಡೋಷ್ಟರಲ್ಲಿ ದೋಣಿ ಇರ್ಲಿಲ್ಲ. ಕೆಳಗೆ ಬಂದಾಗ ಬಿಳಿದೋಣಿಯವ್ರು ಮೂವರನ್ನ ಇಳಿಸ್ತಿದ್ರು. ಪ್ರಿಂಟಲ್ಲೂ ಬಿಳಿ ಬಂತು..." ಮಾತು ಅಲ್ಲಿಗೇ ನಿಂತಿತು. ಕೆಂಪು ಗಾಜಿನ ಗುಣ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಕಾಶಕ್ಕಾಗಿ ಹಾಕಿದ್ದನ್ನು ದೋಣಿಯ ಲೆಕ್ಕಕ್ಕೆ ತರಲು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೇ. ಅವರು ಗೋಡೆ ಹಿಡಿದು ಕೂತರು. "ಅಯ್ಯೋ, ನಿಮ್ಮಮ್ಮ ಇಷ್ಟು ವರ್ಷ ಬೆನ್ನು ಮಾಡಿ ಕೂತ್ರಲ್ಲಮ್ಮಾ" ಎಂದರು. ಹಾಗಾದರೆ ಅವರೂ ಗಮನಿಸಿದ್ದರು.

ಇನ್ನು ಉಳಿದದ್ದು ಅಧ್ಯಕ್ಷರು. ಫೋಟೋ ಕೇಳಿದವರು ಅವರು, ಹಾಲ್ ಅವರದ್ದು, ಹೆಸರೂ ಅವರದ್ದು. ಬೇಡ ಎಂದುಬಿಟ್ಟರೆ? ಬಣ್ಣದಕ್ಕ ಪ್ರಿಂಟು ಸುತ್ತಿಕೊಂಡು, ಕೆಂಪು ಗಾಜು ಹಿಡಿದುಕೊಂಡು ಹೊರಟಳು. ಮಾವ ಕರೆಯದೆಯೇ ಹಿಂದೆ ಬಂದರು.

ಅಧ್ಯಕ್ಷರನ್ನು ಅವಳು ಚಿಕ್ಕಂದಿನಿಂದ ದೊಡ್ಡಪ್ಪ ಎಂದೇ ಕರೆಯುವುದು. ಅವರು ಎಲ್ಲ ಕೇಳಿದರು, ಗಾಜಿನಲ್ಲಿ ಕಂಬ ನೋಡಿದರು, ತಮ್ಮ ದೋಣಿ ನೋಡಿದರು. ಮುಖ ಗಡುಸಾಯಿತು.

"ನಾನು ಹೋಗ್ಲಿಲ್ಲ ಅಂತೀಯಾ?"

"ಹೋದ್ರಿ ದೊಡ್ಡಪ್ಪ. ಮೂವರನ್ನ ತಂದ್ರಿ. ಇಡೀ ಊರೇ ನೋಡಿದೆ. ನಾನು ಕೇಳೋದು ಈ ಫೋಟೋದ ದೋಣಿ ಬಗ್ಗೆ ಮಾತ್ರ."

"ಇದು ನಂದಲ್ಲ ಅಂತ ಹೇಗೆ ಹೇಳಲಿ? ನಂದು ಅಂತಾನೂ ಹೇಗೆ ಹೇಳಲಿ? ನಾನು ದೋಣಿ ಒಳಗಿದ್ದೆ. ಹೊರಗಿಂದ ನನ್ನ ದೋಣಿ ಹೇಗೆ ಕಾಣ್ತಿತ್ತು ಅಂತ ನನಗೇನು ಗೊತ್ತು? ಎಲ್ಲರೂ ನಿಂದು ಅಂದ್ರು, ಹೂಂ ಅಂದೆ."

ಮಾವ ನೆಲ ನೋಡುತ್ತಲೇ, "ತಪ್ಪು ನಂದು. ಆಕಾಶ ನೀಲಿ ಇತ್ತು. ನಾನೇ ಕಪ್ಪು ಮಾಡಿದ್ದು" ಎಂದರು. ಜನ ತುಂಬಿದ್ದ ಸಂಘದ ಅಂಗಳದಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಸೊಸೆಗೆ ಅವರ ಮೇಲೆ ಅಂದು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಅಧ್ಯಕ್ಷರು ಪ್ರಿಂಟಿನ ಮೇಲೆ ಬೆರಳಿಟ್ಟು, ಮಗುಚಿದ ದೋಣಿಯಿಂದ ಅಲೆ ಹತ್ತುವ ದೋಣಿಯವರೆಗೆ ಎಳೆದರು. ಮತ್ತೆ ಎಳೆದರು.

"ಹಗ್ಗ" ಎಂದರು ನಿಧಾನವಾಗಿ. "ನಾನು ಹೋದಾಗ ಆ ಮೂವರ ಕೈಯಲ್ಲಿ ಆಗಲೇ ಒಂದು ಹಗ್ಗ ಇತ್ತು, ತುದಿಗೆ ತೇಲುವ ಡಬ್ಬ ಕಟ್ಟಿದ್ದು. ಅದನ್ನ ಹಿಡ್ಕೊಂಡೇ ಅವರು ತೇಲ್ತಿದ್ದಿದ್ದು. ಅವರದ್ದೇ ಹಗ್ಗ ಅಂದ್ಕೊಂಡೆ. ಅವರು ಆಮೇಲೆ 'ಹಗ್ಗ ಎಸೆದ್ಯಲ್ಲಪ್ಪಾ, ಬದುಕಿದ್ವಿ' ಅಂದ್ರು. ನಾನು ಎಸೆದ ನೆನಪು ನನಗಿರ್ಲಿಲ್ಲ. ಆ ಗಲಾಟೆಲಿ ಎಸೆದಿರ್ತೀನಿ ಬಿಡು ಅಂದ್ಕೊಂಡೆ." ಅವರು ಗಾಜನ್ನು ಅವಳ ಕೈಗೆ ಮರಳಿ ಕೊಟ್ಟರು. "ಮಗಳೇ, ನಾನು ಎಸೆದಿರ್ಲಿಲ್ಲ. ಕೆಂಪೇ ಹಚ್ಚು."

ಬಣ್ಣದಕ್ಕ ಆಕಾಶಕ್ಕೆ ನೀಲಿ ಹಚ್ಚಿದಳು. ಮಾವನ ಕಪ್ಪು ಅಡಿಯಲ್ಲಿ ಉಳಿದು ಅದು ಗಾಢ ನೀಲಿಯಾಯಿತು. ಸಮುದ್ರಕ್ಕೆ ಹಸಿರು, ಕಂಬಕ್ಕೆ ಕೆಂಪು ಪಟ್ಟೆ. ದೋಣಿಯನ್ನು ಕೊನೆಗೆ ಇಟ್ಟುಕೊಂಡಳು. ಅದಕ್ಕೆ ಕೈಯಿಟ್ಟಾಗ ಅತ್ತಳು, ಕಣ್ಣೀರು ಪ್ರಿಂಟಿನ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡು ಅತ್ತಳು. ಮೆಟ್ಟಿಲ ಮೇಲಿಂದ ಮಾವ ಹಣಕಿ ನೋಡಿ, "ಅಲೆ ಇನ್ನೂ ಕಾಣ್ತಿದೆ, ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹಾಲ್‌ಗೆ ಒಯ್ಯುವ ಮೊದಲು ಒಂದು ದಿನ ಅದನ್ನು ನಡುಮನೆಯಲ್ಲಿ, ಹಳೆಯದರ ಜಾಗದಲ್ಲಿ ತೂಗುಹಾಕಿದರು. ಸುದ್ದಿ ಅಮ್ಮನಿಗೆ ಆಗಲೇ ಮುಟ್ಟಿತ್ತು. ಓಣಿಯವರೆಲ್ಲ ಹೋಗಿ ಹೇಳಿದ್ದರು, ಬಲೆಯ ಮಾತಾಡಿದವರೂ ಹೋಗಿದ್ದರು. ಅಮ್ಮ ಬಂದಳು. ತನ್ನ ಕುರ್ಚಿಯ ಬೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕುರ್ಚಿಯನ್ನು ಕಿರ್ರೆನ್ನಿಸಿ ತಿರುಗಿಸಿಕೊಂಡು ಫೋಟೋದ ಎದುರಿಗೆ ಕೂತಳು.

ಅವಳು ನೋಡಿದಳು, ನೋಡಿದಳು, ಸಾಕಾಗುವಷ್ಟು ನೋಡಿದಳು.

"ಕೆಂಪು ಜಾಸ್ತಿಯಾಯ್ತು ಕಣೇ" ಅಂದಳು ಕೊನೆಗೆ. "ಆ ವರ್ಷ ಬಣ್ಣ ಬಳಿದಿರ್ಲಿಲ್ಲ. ನಾಳೆ ಬಳೀತೀನಿ, ನಾಳೆ ಬಳೀತೀನಿ ಅಂತಾನೇ ಇದ್ರು ನಿಮ್ಮಪ್ಪ."

ಬಣ್ಣದಕ್ಕ ಫೋಟೋ ಇಳಿಸಿ ಮೇಜಿನ ಮೇಲಿಟ್ಟು, ಒಂದು ಕಡ್ಡಿಗೆ ಒಣ ಹತ್ತಿ ಸುತ್ತಿದಳು. ಅಮ್ಮ ಪಕ್ಕಕ್ಕೆ ಬಂದು ನಿಂತಳು. ಇವಳು ಒರೆಸುತ್ತಾ ಹೋದಳು, ಅಮ್ಮ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಾ ಹೋದಳು.

"ಸಾಕು" ಎಂದಳು ಅಮ್ಮ. "ಈಗ ಅವರದ್ದೇ."