ಹೆಸರು ಹೇಳಬಾರದ ಗಿಡ

ಗೋಣಿಬೀಡಿನ ತಿಮ್ಮಮ್ಮ ಮೂವತ್ತು ವರ್ಷ ಕಾಮಾಲೆಗೆ ಮದ್ದು ಕೊಟ್ಟರು. ಅದಕ್ಕಾಗಿ ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು, ಯಾರೊಡನೆಯೂ ಮಾತಾಡದೆ ಎಸ್ಟೇಟಿನ ಮೇಲಿನ ಬ್ಯಾಣಕ್ಕೆ, ಆ ಬೋಳು ಹುಲ್ಲುಗಾವಲಿಗೆ ಹೋಗಿ, ಒಂದು ಹಿಡಿ ಗಿಡ ಕಿತ್ತು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದರು. ಬೇರುಸಮೇತ ಅರೆದು ಹಾಲಿನಲ್ಲಿ ಕಲಸಿ ಕುಡಿಸುವರು. ವಾರದಲ್ಲಿ ಕಣ್ಣಿನ ಹಳದಿ ಇಳಿಯದಿದ್ದರೆ ನನ್ನ ಬಾಗಿಲು ಕಾಯಬೇಡಿ, ಮೂಡಿಗೆರೆ ಆಸ್ಪತ್ರೆಗೆ ಹೋಗಿ ಎಂದು ಗದರುವರು. ಗಿಡದ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಮದ್ದು ಫಲಿಸದು ಎಂದು ಕಲಿಸಿಕೊಟ್ಟ ಅತ್ತೆ ಆಣೆ ಮಾಡಿಸಿಕೊಂಡಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಎಸ್ಟೇಟಿನವರಿಗೆ ಹೋಂಸ್ಟೇ ಆಸೆ ಹುಟ್ಟಿತು. ಬ್ಯಾಣದ ಹುಲ್ಲು ಸುಟ್ಟು ಲಾನ್ ಬೆಳೆಸುವುದೆಂದಾಯಿತು. ಕಳೆನಾಶಕದ ಕ್ಯಾನುಗಳು ಬಂದವು. ತೋಟಗಳಲ್ಲಿ, ಗದ್ದೆಯ ಬದುಗಳಲ್ಲಿ ಅದನ್ನು ಆಗಲೇ ಹೊಡೆದಾಗಿತ್ತು. ವಿಷ ಬಿದ್ದ ನೆಲದ ಗಿಡವನ್ನಾಗಲಿ, ಕೊಟ್ಟಿಗೆ ಹಿತ್ತಲಿನ ಕೊಳೆ ನೆಲದ ಗಿಡವನ್ನಾಗಲಿ ತಿಮ್ಮಮ್ಮ ಮುಟ್ಟುವವರಲ್ಲ. ಅವರಿಗೆ ಉಳಿದದ್ದು ಆ ಬ್ಯಾಣ ಒಂದೇ.

ಒಂದು ಮೂಲೆ ಬಿಡಿ ಎಂದು ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಜಯದೇವಪ್ಪನನ್ನು ಕೇಳಲು ಹೋದರು. ಎರಡು ವರ್ಷದ ಹಿಂದೆ ಇದೇ ಜಯದೇವಪ್ಪ ಅರಿಶಿನದ ಕೊಂಬಿನಂತಾಗಿ ಅವರ ಜಗಲಿಯಲ್ಲಿ ಕೂತು ಮದ್ದು ಕುಡಿದಿದ್ದ.

"ಯಾವ ಗಿಡ ಅಂತ ತೋರ್ಸಿ ತಿಮ್ಮಮ್ಮ, ಬಿಟ್ಟು ಹೊಡಿಸ್ತೀನಿ. ಹೆಸ್ರೇ ಇಲ್ದಿದ್ದನ್ನ ಸಾಹುಕಾರ್ರ ಹತ್ರ ಏನಂತ ಹೇಳ್ಲಿ?"

ಅವರು ಮನೆಗೆ ಬಂದರು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬ್ಯಾಣದಲ್ಲಿ ಎಲ್ಲರೆದುರು ಕುಕ್ಕುರುಗಾಲಲ್ಲಿ ಕೂತು ಒಂದು ಗಿಡ ಕಿತ್ತರು. ಎಲೆಯಡಿ ಸಾಸಿವೆಯಂತೆ ಸಾಲುಗಟ್ಟಿದ ಕಾಯಿ ತೋರಿಸಿ, "ನೆಲನೆಲ್ಲಿ" ಎಂದರು.

ಜಯದೇವಪ್ಪ ಪಂಪು ಹೊತ್ತವನ ಕಡೆ ತಿರುಗಿ ನಕ್ಕ. "ಇದಂತೆ ಮಾರಾಯ! ನಮ್ಮನೆ ಕೊಟ್ಟಿಗೆ ಹಿಂದೆ ಗಾಡಿಗಟ್ಲೆ ಇದೆ."

ಮಧ್ಯಾಹ್ನವೇ ಹೊಡೆಸಿದ. ವಾರದಲ್ಲಿ ಬ್ಯಾಣ ಹಳೇ ಗೋಣಿಯ ಬಣ್ಣಕ್ಕೆ ತಿರುಗಿತು.

ಅವನಾದರೂ ಸಂಬಳದ ಮನುಷ್ಯ. ಊರಿಗೇನಾಗಿತ್ತು? ಮಗಳಿಗೆ ಎರಡು ಸಲ ಮದ್ದು ಕುಡಿಸಿಕೊಂಡು ಹೋಗಿದ್ದ ಪಕ್ಕದ ಮನೆಯ ಸರ್ವಮಂಗಳಾ, ಹೆಸರು ಹೇಳಿಬಿಟ್ಟರಲ್ಲ, ಇನ್ನು ಅವರ ಕೈಗುಣ ಹೋಯಿತು ಎಂದು ಹಿಟ್ಟಿನ ಗಿರಣಿಯಲ್ಲಿ ಸಾರಿದಳು. ಜನ ಬರುವುದು ನಿಂತಿತು. ಯಾಕೆ ಹೇಳಿದರು ಎಂದು ಒಬ್ಬರೂ ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಮದ್ದು ಕುಡಿದವರಲ್ಲಿ ಒಬ್ಬನೂ ಎಸ್ಟೇಟಿನ ಗೇಟಿಗೆ ಹೋಗಿ, ಹೊಡೀಬೇಡಿ ಎಂದಿರಲಿಲ್ಲ.

"ಮದ್ದಿನ ಗುಣ ಎಲ್ಲೂ ಹೋಗಿಲ್ಲ. ಜಾಗ ಹೋಯ್ತು ಅಷ್ಟೆ," ಎಂದು ತಿಮ್ಮಮ್ಮ ಒಮ್ಮೆ ಹೇಳಿದ್ದುಂಟು. ಹೇಳುವಾಗ ಅತ್ತೆಯ ಫೋಟೋದ ಕಡೆ ನೋಡಲಿಲ್ಲ.

ಅಂದು ಕಿತ್ತ ಗಿಡವನ್ನು ಅವರು ಬ್ಯಾಣದ ಮಣ್ಣಿನೊಂದಿಗೆ ತಂದು, ತೂತುಬಿದ್ದ ಬಾಂಡ್ಲಿಯಲ್ಲಿ ನೆಟ್ಟಿದ್ದರು. ಬೀಜ ಉದುರಿ ಪ್ರತಿ ಮಳೆಗಾಲ ಅದರಲ್ಲಿ ಹೊಸ ಗಿಡ ಏಳುತ್ತಿತ್ತು. ಎರಡು ವರ್ಷ ಕಳೆದು ಶ್ರಾವಣದಲ್ಲಿ ತಿಮ್ಮಮ್ಮ ತೀರಿಕೊಂಡರು. ಊರಿಗೆ ಊರೇ ಬಂತು. ದೊಡ್ಡ ಜೀವ ಎಂದು ಜಯದೇವಪ್ಪನೂ ಕಣ್ಣೊರೆಸಿಕೊಂಡ. ತಿಥಿಯ ಹಿಂದಿನ ದಿನ ಸರ್ವಮಂಗಳಾ ಅಂಗಳ ಚೊಕ್ಕ ಮಾಡಲು ಬಂದಳು. ಬಾಂಡ್ಲಿ ತುಂಬ ಕಳೆ ಎದ್ದಿದೆಯೆಂದು ಬೇರುಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆದಳು.