ಲೈನ್ ಖಾಲಿ ಇರಬೇಕು

ಊರಿನವರು ಅವಳನ್ನು ಫೋನಕ್ಕ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ಕೂಡ ‘ಇವಳೇ’ ಎನ್ನುತ್ತಿದ್ದ.

ಗಂಡ ವೆಲ್ಡಿಂಗ್ ಕೆಲಸದವನು, ಜೊತೆಗೆ ಊರಿನ ತುರ್ತು ಪಡೆಯ ಮುಖ್ಯಸ್ಥ. ಪಡೆ ಅಂದರೆ ಮಹಾ ಸೈನ್ಯವೇನಲ್ಲ. ಬೇಕರಿಯವನು, ಮರ ಕೊಯ್ಯುವವನು, ಶಾಲೆಯ ಮೇಷ್ಟ್ರು, ಇನ್ನೊಂದಿಷ್ಟು ಜನ. ಸಂಬಳವಿಲ್ಲ, ಸಾರಿಗೆಯಿಲ್ಲ. ಎಲ್ಲಾದರೂ ಬೆಂಕಿ ಬಿದ್ದರೆ, ತಿರುವಿನಲ್ಲಿ ಗಾಡಿ ಮಗುಚಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿಬರಬೇಕು. ಪಟ್ಟಣದಿಂದ ಸರ್ಕಾರಿ ಗಾಡಿ ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತಿತ್ತು. ಹಾಗಾಗಿ ಹಳೆಯ ನೀರಿನ ಲಾರಿಯೊಂದನ್ನು ಸಂಪಾದಿಸಿ ಇವರ ಅಂಗಳದಾಚೆಯ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದರು. ಗುಡ್ಡಗಳ ನಡುವಿನ ಊರು, ಮೊಬೈಲಿಗೆ ಸಿಗ್ನಲ್ ಇಲ್ಲ. ತುರ್ತು ಕರೆ ಬರುವ ಒಂದೇ ಒಂದು ಫೋನು ಇವಳ ಅಡುಗೆಮನೆಯ ಗೋಡೆಯ ಮೇಲಿತ್ತು.

ಅದು ಅಲ್ಲಿಗೆ ಬಂದದ್ದು ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ. “ಫೋನ್ ಇಲ್ಲೇ ಹಾಕ್ಸಿಬಿಡೋಣ. ನೀನು ಹೇಗೂ ಮನೇಲೇ ಇರ್ತೀಯಲ್ಲ” ಎಂದಿದ್ದ ಗಂಡ. ಈ ‘ಹೇಗೂ’ ಎಂಬ ಮಾತನ್ನು ಹುಟ್ಟಿಸಿದವನು ಗಂಡಸೇ ಇರಬೇಕು. ಮನೆಯಲ್ಲೇ ಇರುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಮನೆ ಸುತ್ತಲಿನ ತರಕಾರಿ ತೋಟ ಪೂರ್ತಿ ಅವಳದು. ಅಗೆಯುವುದು, ಸಸಿ ಏಳಿಸುವುದು, ಕಿತ್ತು ಬುಟ್ಟಿ ತುಂಬುವುದು, ಎಲ್ಲಕ್ಕೂ ಅವಳೊಬ್ಬಳೇ. ವೆಲ್ಡಿಂಗ್ ಅಂಗಡಿಯ ಬಾಗಿಲು ವಾರದ ಅರ್ಧಕ್ಕರ್ಧ ದಿನ ಮುಚ್ಚಿರುತ್ತಿತ್ತು. ಒಲೆ ಉರಿಯುತ್ತಿದ್ದದ್ದು ಬೀನ್ಸು, ಟೊಮ್ಯಾಟೊಗಳಿಂದ.

ಆ ತೋಟದ ಅಳತೆಯನ್ನೂ ಫೋನೇ ನಿರ್ಧರಿಸಿತ್ತು. ಗಂಟೆ ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ತೋಟ. ಬೀನ್ಸ್ ಸಾಲು ಮುಗಿಯುವಲ್ಲಿ ಗಂಟೆಯ ಸದ್ದೂ ಮುಗಿಯುತ್ತಿತ್ತು. ಅದರಾಚೆ ಹಳ್ಳದ ಪಕ್ಕದ ಕಪ್ಪು ಮಣ್ಣು, ಹಿಡಿದರೆ ಕೈಯಲ್ಲಿ ಪುಡಿಯಾಗುವ ಮಣ್ಣು, ಕಳೆ ಬೆಳೆದು ಹಾಳುಬಿದ್ದಿತ್ತು. ಅವಳು ಸ್ನಾನಕ್ಕೆ ಹೋದರೂ ಬಾಗಿಲನ್ನು ಒಂದಿಷ್ಟು ಸಂದಿ ಬಿಟ್ಟೇ ಹೋಗುವವಳು. ಗಂಟೆಯಾದರೆ ಮಣ್ಣುಗೈಯಲ್ಲೇ ಓಡಿ ಬಂದು ಕೇಳುವುದು: “ಎಲ್ಲಿ? ಏನಾಗಿದೆ? ಒಳಗೆ ಜನ ಇದ್ದಾರಾ?” ಆಮೇಲೆ ಸೈರನ್ನಿನ ಸ್ವಿಚ್ಚು ಒತ್ತಿ, ಅಂಗಳ ದಾಟಿ, ಶೆಡ್ಡಿಗೆ ಸೇರುವವರಿಗೆಲ್ಲ ಜಾಗ ತಿಳಿಸುವುದು. ಲಾರಿ ಹೊರಟುಹೋಗುತ್ತಿತ್ತು. ಶಹಭಾಸ್ ಅವರಿಗೆ, ಧೂಳು ಇವಳಿಗೆ.

ಇದ್ದದ್ದು ಒಂದೇ ಲೈನು. ಮನೆಯವರು ಹರಟೆ ಕೊಚ್ಚುತ್ತಾ ಕೂತಾಗ ಯಾರದೋ ಮನೆ ಹೊತ್ತಿ ಉರಿದರೆ? ಹಾಗಾಗಿ ಮನೆಯ ಮಾತು ಏನಿದ್ದರೂ ಎರಡು ಮಾತಿನಲ್ಲಿ ಮುಗಿಯಬೇಕು. ಈ ಕಾನೂನು ಮಾಡಿದವಳು ಅವಳೇ, ಗಂಡನಲ್ಲ. ಮಗಳು ಅದರಲ್ಲೇ ಬೆಳೆದಳು. ಹಾಸ್ಟೆಲಿನಿಂದ ಫೋನ್ ಮಾಡಿದರೆ, “ಅಮ್ಮ, ಪಾಸಾದೆ. ಇಡ್ತೀನಿ.” ಮದುವೆಯ ಸುದ್ದಿಯೂ ಹಾಗೇ ಬಂದಿತ್ತು: “ಹುಡುಗ ಒಳ್ಳೆಯವನು. ಭಾನುವಾರ ಕರ್ಕೊಂಡು ಬರ್ತೀನಿ.” ಬೇಕರಿಯವನಂತೂ, “ನಿಮ್ಮ ಮಗಳು ಮಾತಾಡಲ್ಲ ಅಕ್ಕ, ಟೆಲಿಗ್ರಾಂ ಕಳಿಸ್ತಾಳೆ” ಎಂದು ರೇಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೊಳಗೇ ಹೆಮ್ಮೆಯೂ ಇತ್ತು ಅನ್ನಿ.

ಆ ಮಗಳು ಈಗ ಬಸುರಿ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಪಟ್ಟಣದಲ್ಲಿ ಗಂಡನ ಜೊತೆ ಇದ್ದಳು. ಅತ್ತೆ ತೀರಿಕೊಂಡಿದ್ದರು, ಅಳಿಯನಿಗೆ ಕೆಲಸದ ಮೇಲೆ ಊರೂರು ಅಲೆಯುವುದೇ ಆಗಿತ್ತು. “ಅಮ್ಮ, ನೀನು ಬಂದು ಇರ್ತೀಯಾ? ಭಯ ಆಗುತ್ತೆ” ಎಂದಿದ್ದಳು ಮಗಳು. ಬರ್ತೀನಿ ಎಂದಿದ್ದಳು ತಾಯಿ. ಇಷ್ಟು ವರ್ಷ ದುಡಿದದ್ದಕ್ಕೆ ಅವಳು ಕೇಳಿಕೊಂಡದ್ದು ಇದೊಂದೇ.

ಶೆಡ್ಡಿನಲ್ಲಿ ಪಡೆಯವರೆಲ್ಲ ಒದ್ದೆ ಪೈಪುಗಳನ್ನು ಒಣಹಾಕುತ್ತಿದ್ದಾಗ ಹೋಗಿ ನಿಂತಳು. “ನಾನು ಮಗಳ ಮನೆಗೆ ಹೋಗ್ಬೇಕು. ಹೆರಿಗೆ ಆಗಿ ಅವಳು ಚೇತರಿಸ್ಕೊಳ್ಳೋವರೆಗೂ ಬರಲ್ಲ. ಫೋನ್ ಯಾರು ನೋಡ್ಕೋತೀರಿ?”

ಉರಿಯುವ ಮನೆಗೆ ಹಿಂದೆಮುಂದೆ ನೋಡದೆ ನುಗ್ಗುವ ಶೂರರೆಲ್ಲ ಪೈಪಿನ ಕಡೆಗೇ ನೋಡತೊಡಗಿದರು.

“ನನ್ನ ಭಟ್ಟಿ ಮುಂದೆ ನಿಂತ್ರೆ ಪಕ್ಕದವ್ರು ಕೂಗಿದ್ರೂ ಕೇಳ್ಸಲ್ಲ ಅಕ್ಕ” ಎಂದ ಬೇಕರಿಯವನು. ಮೇಷ್ಟ್ರಿಗೆ ಪರೀಕ್ಷೆಗಳು ಹತ್ತಿರ ಬಂದಿದ್ದವು. ಮರ ಕೊಯ್ಯುವವನು ತನ್ನ ಹೆಂಡತಿಯನ್ನು ಕೇಳಿ ಹೇಳುವುದಾಗಿ ನುಣುಚಿಕೊಂಡ. ಕೊನೆಗೆ ಗಂಡನೇ ತಲೆ ಕೆರೆದುಕೊಂಡು, “ಇನ್ನೂ ಟೈಮಿದೆಯಲ್ಲ ಇವಳೇ, ನೋಡೋಣ” ಎಂದ. ಅವಳಿಗೆ ಜಗಳವಾಡುವಷ್ಟು ತ್ರಾಣವೂ ಇರಲಿಲ್ಲ. ಸಾಕಾಗಿತ್ತು. ಹೋಗಿ ಸೊಪ್ಪಿನ ಮಡಿಗೆ ನೀರು ಬಿಟ್ಟಳು.

ನೋಡೋಣ, ನೋಡೋಣ ಎನ್ನುತ್ತಲೇ ಬಿಸಿಲುಗಾಲ ಬಂತು. ಹುಲ್ಲಿಗೆ ಬೆಂಕಿ ಬೀಳುವ ಕಾಲ. ಒಂದು ಮಧ್ಯಾಹ್ನ ಅವಳು ಟೊಮ್ಯಾಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದಳು. ಗುಡ್ಡದ ಮೇಲೆ ಬೂದುಬಣ್ಣದ್ದೇನೋ ಏಳುತ್ತಿತ್ತು. ಮೋಡವೋ ಹೊಗೆಯೋ ಎಂದು ನೋಡುತ್ತಿದ್ದಾಗಲೇ ಗಂಟೆಯಾಯಿತು. ಓಡಿದಳು.

“ಅಮ್ಮ, ಬಿಡುವಾಗಿದ್ದೀಯಾ?”

“ಬೇಗ ಹೇಳು. ಗುಡ್ಡದಲ್ಲಿ ಹೊಗೆ ಎದ್ದ ಹಾಗಿದೆ.”

“ಏನಿಲ್ಲ. ಬೆಳಗ್ಗೆಯಿಂದ ಯಾಕೋ ಸುಸ್ತು.”

“ನೀರು ಕುಡಿದು ಮಲಕ್ಕೋ. ಸಂಜೆ ನಾನೇ ಮಾಡ್ತೀನಿ. ಇಡ್ಲಾ?”

“ಇಡಮ್ಮ.”

ಇಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಗಂಟೆ. ಗುಡ್ಡದ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು, ಒಳಗೆ ಕುರಿ ಕಾಯುವ ಮುದುಕ ಮಲಗಿದ್ದ. ಲಾರಿ ಹೊತ್ತಿಗೆ ಸರಿಯಾಗಿ ಹೋಯಿತು. ಮುದುಕನನ್ನು ಹೊರಗೆಳೆದರು. ಬೆಂಕಿ ಪೂರ್ತಿ ಆರಿಸಿ ಗಂಡಸರು ತಿರುಗಿ ಬರುವಷ್ಟರಲ್ಲಿ ಸಂಜೆ ಕಳೆದುಹೋಗಿತ್ತು. ಮಸಿ ಮೆತ್ತಿದ ಮುಖದಲ್ಲೇ ಗಂಡ, “ಇನ್ನೊಂದ್ಸ್ವಲ್ಪ ತಡವಾಗಿದ್ರೆ ಮುದುಕ ಉಳೀತಿರ್ಲಿಲ್ಲ. ಲೈನ್ ಖಾಲಿ ಇದ್ದದ್ದು ಪುಣ್ಯ” ಎಂದ. ಅಷ್ಟೂ ಜನಕ್ಕೆ ಊಟ ಬಡಿಸಿ ಅವಳು ಹಾಗೇ ಗೋಡೆಗೊರಗಿ ನಿದ್ದೆಹೋದಳು. ಮಗಳಿಗೆ ಫೋನ್ ಮಾಡುವುದು ಮರೆತೇಹೋಯಿತು.

ಮಾರನೆಯ ಮಧ್ಯಾಹ್ನ ಕರೆ ಬಂದದ್ದು ಅಳಿಯನಿಂದ. ಅವನಿಗೆ ಎರಡು ಮಾತಿನ ಕಾನೂನು ಅಭ್ಯಾಸವಿರಲಿಲ್ಲ, ತಡವರಿಸಿ ತಡವರಿಸಿ ಹೇಳಿದ. “ಅತ್ತೆ, ನಾನು ಊರಲ್ಲಿರಲಿಲ್ಲ. ಅವಳಿಗೆ ನಿನ್ನೆ ಬೆಳಗ್ಗೆಯಿಂದ್ಲೇ ರಕ್ತ ಹೋಗ್ತಿತ್ತಂತೆ. ಸಾಯಂಕಾಲ ಪಕ್ಕದ ಮನೆಯವ್ರು ನೋಡಿ ಆಸ್ಪತ್ರೆಗೆ ಸೇರಿಸಿದ್ರು. ಮಗು ಉಳೀಲಿಲ್ಲ ಅತ್ತೆ.” ಮೊದಲೇ ಬಂದಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರಂತೆ ಡಾಕ್ಟರು.

ಅವಳು ಫೋನ್ ಇಟ್ಟಳು. ಎರಡು ಸೀರೆ ಚೀಲಕ್ಕೆ ತುರುಕಿದಳು. ಅಂಗಡಿಗೆ ಹೋಗಿ ಗಂಡನಿಗೆ ವಿಷಯ ಹೇಳಿದಾಗ ಅವನ ಕೈಯಲ್ಲಿದ್ದದ್ದು ಕೆಳಗೆ ಬಿತ್ತು. “ಹೋಗು, ಹೊರಡು” ಎಂದವನು, ಅಭ್ಯಾಸಬಲದಿಂದ “ಫೋನು...” ಎಂದು ಬಾಯಿ ತೆಗೆದ, ಅಷ್ಟಕ್ಕೇ ನಿಲ್ಲಿಸಿದ. ಅಂಗಡಿಯ ಬಾಗಿಲೆಳೆದು ತಾನೇ ಮನೆಯ ಕಡೆ ನಡೆದ. ಅವನಿಗೆ ಹೇಳಬಹುದಾದ ಮಾತುಗಳು ಅವಳಲ್ಲಿ ಬೇಕಾದಷ್ಟಿದ್ದವು. ಒಂದನ್ನೂ ಹೇಳದೆ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅವಳ ತಲೆ ಕೊರೆದದ್ದು ಒಂದೇ. ಗುರುತಿಲ್ಲದವರಿಗೂ ಎಲ್ಲಿ, ಏನು ಎಂದು ಬಿಡಿಸಿ ಬಿಡಿಸಿ ಕೇಳುವವಳು ತನ್ನ ಮಗಳನ್ನು ಒಂದು ಮಾತೂ ಕೇಳಿರಲಿಲ್ಲ.

ಮಗಳನ್ನು ಆಗಲೇ ಮನೆಗೆ ಕಳಿಸಿದ್ದರು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಾಯಿಯನ್ನು ನೋಡಿ ಏಳಲು ಹೋದಳು. “ಈಗ ಪರವಾಗಿಲ್ಲಮ್ಮ. ನೀನು ಊಟ ಮಾಡು” ಎಂದಳು.

ತಾಯಿ ಮಂಚದ ಅಂಚಿನಲ್ಲಿ ಕೂತು ಅವಳ ಪಾದ ಹಿಡಿದುಕೊಂಡಳು. ತಣ್ಣಗಿದ್ದವು. “ನಿನ್ನೆ ಫೋನ್ ಮಾಡ್ದಾಗ ಯಾಕೆ ಹೇಳ್ಲಿಲ್ಲ ಮಗಳೇ?”

“ಅದನ್ನ ಹೇಳೋಕೆ ಸ್ವಲ್ಪ ಹೊತ್ತು ಬೇಕಾಗಿತ್ತಮ್ಮ.” ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ತಾಯಿಗೆ ಸುಲಭವಾಗುತ್ತಿತ್ತು.

“ಈಗ ಹೇಳು. ಎಲ್ಲಾ ಹೇಳು.”

ಮಗಳು ಚಾವಣಿ ನೋಡಿದಳು. ಉದ್ದಕ್ಕೆ ಹೇಳಿ ಅವಳಿಗೆ ಗೊತ್ತಿರಲಿಲ್ಲ. “ಬೆಳಗ್ಗೆ ಎದ್ದಾಗ ಸೊಂಟ ನೋಯ್ತಿತ್ತು...” ಎಂದು ಶುರುಮಾಡಿದಳು. ಆಗಲೇ ಗೋಡೆಯಾಚೆ, ಪಕ್ಕದ ಮನೆಯಲ್ಲಿ, ಫೋನ್ ಗಂಟೆಯಾಯಿತು. ತಾಯಿ ಪಾದ ಬಿಟ್ಟು ದಡಬಡಿಸಿ ಎದ್ದು ನಿಂತುಬಿಟ್ಟಿದ್ದಳು.

“ಹೋಗ್ಲಿ ಬಿಡಮ್ಮ” ಎಂದಳು ಮಗಳು.

ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ತಾಯಿಗೆ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಮತ್ತೆ ಕೂತಳು. ತಣ್ಣನೆಯ ಆ ಎರಡು ಪಾದಗಳನ್ನೂ ಮಡಿಲಿಗೆ ಎಳೆದುಕೊಂಡಳು.

“ಅದು ನಮ್ಮದಲ್ಲ” ಎಂದಳು. “ನೀನು ಹೇಳು.”