ಎಡಗಡೆ ಸೀಟಿನ ಬ್ರೇಕು

ರಜೆ ಬಂತೆಂದರೆ ಉಳಿದವರಿಗೆ ಖುಷಿ, ನನಗೆ ಬೆಟ್ಟದ ದಾರಿಯ ಚಿಂತೆ. ನಮ್ಮ ಮನೆಯ ಪ್ರವಾಸಕ್ಕೆ ಇರುವುದು ಒಂದೇ ದಾರಿ. ಕೊಳ್ಳೇಗಾಲ ಬಿಟ್ಟು, ಹನೂರು ದಾಟಿ, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತಿ, ಆ ಕಡೆ ಪಾಲಾರಿಗೆ ಇಳಿದು, ಗೋಪಿನಾಥಂನಲ್ಲಿರುವ ನನ್ನ ಗಂಡನ ಅಕ್ಕನ ಮನೆ ಸೇರುವುದು. ನಾಲ್ಕು ದಿನ ಹೊಳೆ ಕಡೆ ತಿರುಗಾಡಿ ಮತ್ತೆ ಅದೇ ಬೆಟ್ಟ ಹತ್ತಿ ಇಳಿಯುವುದು. ಬಸ್ಸಿಗೆ ಕಾದರೆ ರಜೆಯೇ ಮುಗಿದುಹೋಗುತ್ತದೆ, ಹಾಗಾಗಿ ಕಾರು. ನಾನು ಯಳಂದೂರಿನ ಗದ್ದೆ ಬಯಲಲ್ಲಿ ಬೆಳೆದವಳು. ಬೆಟ್ಟ ದೂರದಲ್ಲಿ ನೀಲಿಯಾಗಿ ನಿಂತಿದ್ದರೆ ಚೆಂದ. ಅದರ ಅಂಚಿನಲ್ಲಿ ಟೈರು ಉರುಳಿಸಿಕೊಂಡು ಹೋಗುವ ಹಣೆಬರಹ ಯಾರಿಗೆ ಬೇಕು?

ಓಡಿಸುವುದು ನನ್ನ ಗಂಡ. ನನಗೂ ಲೈಸೆನ್ಸ್ ಇದೆ, ಆದರೆ ಅದು ಸಂತೆಗೆ, ಆಸ್ಪತ್ರೆಗೆ. ಬೆಟ್ಟ ಅವರದು. ನಾನು ಎಡಗಡೆ ಸೀಟಿನಲ್ಲಿ ಕೂತು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತೇನೆ. ಒತ್ತಿ ಒತ್ತಿ ಕಾಲಡಿಯ ಮ್ಯಾಟು ಹಿಮ್ಮಡಿ ಇಡುವ ಕಡೆ ಸವೆದು ತೂತಾಗಿದೆ. ಅದನ್ನು ತೋರಿಸಿ ಅವರು ಬಂದವರೆದುರಿಗೆಲ್ಲ ನಗುತ್ತಿದ್ದರು. ನಮ್ಮ ಕಾರಿಗೆ ಎರಡು ಬ್ರೇಕು, ಒಂದು ಕಂಪನಿಯದು, ಇನ್ನೊಂದು ಇವಳದು ಅಂತ.

ನಮ್ಮತ್ತೆಯದು ಒಂದು ಕಟ್ಟಳೆ. ತಾಳಬೆಟ್ಟದಲ್ಲಿ ಕಾಯಿ ಒಡೆದ ಮೇಲೆ ಎಲ್ಲರ ಚಪ್ಪಲಿಯನ್ನೂ ಚೀಲಕ್ಕೆ ಕಟ್ಟಿ ಡಿಕ್ಕಿಗೆ ಹಾಕಬೇಕು. ಪಾಲಾರ್ ಸೇತುವೆ ಬರುವ ತನಕ ಯಾರೂ ಮೆಟ್ಟುವ ಹಾಗಿಲ್ಲ, ಓಡಿಸುವವರೂ ಅಷ್ಟೇ. ಮಾದಪ್ಪನ ನೆಲ. ನಮಗದು ಎಷ್ಟು ರೂಢಿಯೆಂದರೆ, ಅದರ ಬಗ್ಗೆ ಯಾರೂ ಯೋಚಿಸಿದ್ದೇ ಇಲ್ಲ.

ಹೋದ ಬೇಸಿಗೆಯಲ್ಲಿ ಹತ್ತುವಾಗಲೇ ನನಗೆ ಯಾಕೋ ಸರಿ ಕಾಣಲಿಲ್ಲ. ಕಾರು ತಿರುವುಗಳಲ್ಲಿ ಮುಗ್ಗರಿಸುತ್ತಿತ್ತು. ಬ್ರೇಕು ಒಮ್ಮೆ ತಡವಾಗಿ ಬೀಳುತ್ತಿತ್ತು, ಒಮ್ಮೆ ಎದೆ ಹಾರುವಷ್ಟು ಜೋರಾಗಿ. ಕಾರಿಗೆ ವಯಸ್ಸಾಯಿತು ಎಂದುಕೊಂಡೆ. ಬೆಟ್ಟದ ಮೇಲೆ ದರ್ಶನ ಮುಗಿಸಿ ಪಾಲಾರಿನ ಕಡೆ ಇಳಿಯತೊಡಗಿದ ಮೇಲೆ ಎದುರಿಗೆ ಬಸ್ಸು ಬಂತು. ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ನಾನು ಅಭ್ಯಾಸದಂತೆ ನನ್ನ ಬ್ರೇಕು ಒತ್ತಿ ಅವರ ಮುಖ ನೋಡಿದೆ. ಅವರು ರಸ್ತೆ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ತಮ್ಮ ಪಾದ ನೋಡುತ್ತಿದ್ದರು.

ಬಸ್ಸು ನಮ್ಮ ಕನ್ನಡಿಗೆ ಕೂದಲೆಳೆಯಷ್ಟೇ ಅಂತರ ಬಿಟ್ಟು ಹಾದುಹೋಯಿತು. ಮುಂದೆ ಸ್ವಲ್ಪ ಅಗಲ ಸಿಕ್ಕ ಕಡೆ ನಿಲ್ಲಿಸಿ ಅಂದೆ. ನಿಲ್ಲಿಸಿದರು. ಹಿಂದೆ ಕೂತಿದ್ದ ಅತ್ತೆ ಏನಾಯಿತೆಂದು ಕೇಳಿದರು. ಇವರು ಸ್ಟೇರಿಂಗ್ ಬಿಡದೆ, ಯಾರ ಮುಖವನ್ನೂ ನೋಡದೆ ಹೇಳಿದರು.

"ಕಾಲು ಬ್ರೇಕ್ ಮ್ಯಾಲದೋ ಇಲ್ವೋ ಗೊತ್ತಾಯ್ತಾ ಇಲ್ಲ ಕಣೆ. ನೋಡ್ಕಂಡೇ ಮಡಗ್ಬೇಕು."

ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಪಾದ ಜೋಮು ಹಿಡಿಯುತ್ತದೆ ಅನ್ನುತ್ತಿದ್ದರು, ನಾವು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ಒಂದು ಸಲ ಪೇಟೆಯಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದರು. ಇನ್ನೊಂದು ಎಲ್ಲಿ ಕಳಚಿತೋ ತಿಳಿದೇ ಇರಲಿಲ್ಲ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಚಪ್ಪಲಿ ಇದ್ದರೆ ಒತ್ತಿದ್ದು ಮೊಣಕಾಲಿಗಾದರೂ ಅಷ್ಟಿಷ್ಟು ತಿಳಿಯುತ್ತದಂತೆ, ಬರಿಗಾಲಲ್ಲಿ ಏನೂ ಇಲ್ಲವಂತೆ. ಊರಿನ ಸಮ ರಸ್ತೆಯಲ್ಲಿ ಹೇಗೋ ಸಾಗಿಸಿಕೊಂಡು, ಅದರ ಹಿಂದಿನ ವರ್ಷ ಬೆಟ್ಟದಲ್ಲೂ ಹೀಗೇ ಕಾರು ಇಳಿಸಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅಯ್ಯೋ ಪಾಪ ಅನಿಸಿತು.

ಡಿಕ್ಕಿಯಿಂದ ಚಪ್ಪಲಿ ತರುತ್ತೇನೆ ಅಂದೆ. ಅವರು ಬೇಡವೆಂದು ತಲೆಯಾಡಿಸಿದರು. ಅವ್ವನ ಎದುರಿಗೆ ಬೆಟ್ಟದ ಮೇಲೆ ಚಪ್ಪಲಿ ಮೆಟ್ಟಲು ಸಿದ್ಧರಿಲ್ಲ, ಬೆಟ್ಟ ನನಗೆ ಬಿಟ್ಟುಕೊಡಲಂತೂ ಸುತರಾಂ ಸಿದ್ಧರಿಲ್ಲ. ಆಮೇಲೆ ಅತ್ತೆ ಹಿಂದಿನಿಂದ ಕೈ ಚಾಚಿ ಮಗನ ಹೆಗಲ ಮೇಲಿಟ್ಟರು.

"ಎದ್ದು ಈಚೆಗ್ ಬಾ ಮಗ. ಅವಳು ಓಡಿಸ್ಲಿ."

ಇವರು ಇಳಿದರು. ಕಾರಿನ ಮುಂದೆ ಬಾನೆಟ್ ಹಿಡಿದುಕೊಂಡು, ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಿಧಾನವಾಗಿ ಸುತ್ತಿಬಂದರು. ನಾನೂ ಅದೇ ಟಾರಿನ ಮೇಲೆ ಕಾಲಿಟ್ಟೆ, ಸುಟ್ಟು ಕುಣಿದಾಡುವಂತಾಯಿತು. ಅವರಿಗೆ ಅದೂ ತಿಳಿದಂತೆ ಕಾಣಲಿಲ್ಲ.

ಫಸ್ಟ್ ಗೇರಿನಲ್ಲಿ ಇಳಿದೆ. ಹಿಂದಿನ ಗಾಡಿಗಳು ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋದವು. ಹೋಗಲಿ ಅಂದುಕೊಂಡೆ. ಒಂದು ತಿರುವು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಅತ್ತೆ ಹಿಂದೆ ಮಾದಪ್ಪನನ್ನು ಕರೆಯುತ್ತಲೇ ಇದ್ದರು. ಇವರು ಮಾತ್ರ ಗೇರು ಹೀಗೆ ಹಾಕು, ಹಾಗೆ ತಿರುಗಿಸು ಅಂತ ಗದರಲಿಲ್ಲ. ಗದರಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಪಾಲಾರ್ ಹತ್ತಿರವಾದಾಗ ಒಂದು ಕಡಿದಾದ ತಿರುವು ಬಂತು. ಬ್ರೇಕು ಒತ್ತಿ ನಿಧಾನಕ್ಕೆ ತಿರುಗಿಸುತ್ತಾ ಎಡಗಡೆ ಕಣ್ಣು ಹಾಯಿಸಿದೆ. ಅವರು ಕಿಟಕಿಯಾಚೆ ಮುಖ ಮಾಡಿದ್ದರು. ಬಲಗಾಲು ಮಾತ್ರ ನನ್ನ ಸವೆದ ಮ್ಯಾಟಿನ ಮೇಲೆ, ತೂತಿಗೇ ಹಿಮ್ಮಡಿ ಇಟ್ಟು ಬಲವಾಗಿ ಒತ್ತುತ್ತಿತ್ತು. ನಮ್ಮ ಕಾರಿಗೆ ಎರಡು ಬ್ರೇಕು ಅನ್ನುವ ಅವರದೇ ಮಾತು ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ಕಾಲು ಒತ್ತುತ್ತಿರುವುದು ಅವರಿಗೇ ಗೊತ್ತಿರಲಿಲ್ಲ.